ಹನ್ನೊಂದನೆಯ ಮನೆ

ಹತ್ತು ಮನೆ ಮುಗಿದಿತ್ತು. ಹತ್ತರಲ್ಲೂ
ಚಪ್ಪಲಿ ಬಿಟ್ಟು, ಬಾರ್ಲಿ ಚಹಾ ಕುಡಿದು,
ಕೇಳಿದ್ದು ಅದೇ ಪ್ರಶ್ನೆ:
ಅನ್ನದ ಕುಕ್ಕರು ಮಾತಾಡುವುದು ನಿಮಗೆ ಇಷ್ಟವೇ?
ಹೆಣ್ಣು ದನಿಯೋ, ಗಂಡು ದನಿಯೋ, ಮಗುವಿನದೋ?
ಒಂದರಿಂದ ಏಳರೊಳಗೆ ಒಂದು ಅಂಕಿ ಕೊಡಿ.

ಒಂಟಿ ಕೋಣೆಯ ಹುಡುಗರು ಎರಡು ಕೊಟ್ಟರು.
ಒಬ್ಬಳು, ಸೊನ್ನೆ ಇಲ್ಲವೇ, ಎಂದಳು.
ದಿನವಿಡೀ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡವರಿಗೆ
ಮನೆಯ ಮೌನವೂ ಈಗೊಂದು ಸಾಮಾನು;
ದುಡ್ಡು ಕೊಟ್ಟು ತರುತ್ತಾರೆ.
ಸೋಲ್ ಕಚೇರಿಯಲ್ಲಿ ಟ್ರೆಂಡಿನ ವರದಿ ಮೊದಲೇ ತಯಾರು:
ಬರುವ ವರ್ಷ ಯಂತ್ರಗಳು ಪಿಸುಗುಟ್ಟಬೇಕು,
ಬಣ್ಣ ಓಟ್ಸ್ ಗಂಜಿಯದು, ಗುಂಡಿಗಳು ಕಾಣಬಾರದು.
ನಾನು ಊರೂರು ತಿರುಗುವುದು
ಬರೀ ಹೂಂಗುಟ್ಟಿಸಿಕೊಂಡು ಬರಲು.

ಹನ್ನೊಂದನೆಯದು ಬುಸಾನಿನ ಯೋಂಗ್ದೋ,
ಹಡಗು ರಿಪೇರಿಯ ಕಟ್ಟೆಯ ಹಿಂದಿನ ಓಣಿ.
ಪಾಂಗ್ ಸುನಿಮ್, ಎಂಬತ್ತೊಂದು.
ಇಪ್ಪತ್ತಾರು ವರ್ಷ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ತೂಗಿಕೊಂಡು
ಹಡಗುಗಳ ಹೊಟ್ಟೆಯ ತುಕ್ಕು ಕುಟ್ಟಿ ಉದುರಿಸಿದವಳು.
ಕ್ಯಾಂಗ್, ಕ್ಯಾಂಗ್. ಆ ಸುತ್ತಿಗೆಯ ಸದ್ದು ಒಳಗೆ ಹೋದದ್ದು
ಮತ್ತೆ ಹೊರಗೆ ಬರಲಿಲ್ಲ,
ಬೇರೆ ಸದ್ದಿಗೆ ಜಾಗವನ್ನೂ ಬಿಡಲಿಲ್ಲ.

ಇದು ನನ್ನ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿದ್ದದ್ದು:
ಹೆಂಗಸು, ಒಂಟಿ, ದಿನಕ್ಕೆರಡು ಸಲ ಬಳಕೆ.

ಪ್ರಶ್ನೆಯನ್ನು ಕಾಗದದ ಮೇಲೆ ದಪ್ಪಗೆ ಬರೆದು ಹಿಡಿದೆ.
ಕುಕ್ಕರಿನ ದನಿ ಇಷ್ಟವೇ?
ನಕ್ಕಳು. ಅದಕ್ಕೊಂದು ದನಿ ಇದೆಯಂತೆ, ಅಂದಳು,
ಎದುರು ಮನೆಯವನು ಹೇಳುತ್ತಾನೆ.

ಆದರೂ ದನಿಯ ಮಟ್ಟ ಕೊನೆಯ ಗೆರೆಯಲ್ಲಿತ್ತು,
ಯಾರೂ ತಗ್ಗಿಸದ ಹಾಗೆ ಗುಂಡಿಯ ಮೇಲೆ ಟೇಪು.
ಕುಕ್ಕರು ಕಿಟಕಿಯ ಕಟ್ಟೆಯ ಮೇಲೆ,
ಬೆನ್ನು ಮನೆಗೆ, ಬಾಯಿ ಓಣಿಗೆ.
ಬರೆದುಕೊಂಡೆ: ಇಟ್ಟ ಜಾಗ ಅಸಹಜ. ಫೋಟೋ ಮೂರು.

ಆರೂ ಹತ್ತಕ್ಕೆ ಉಗಿ ಬಿಟ್ಟಿತು. ಆಮೇಲೆ,
ಜಾಹೀರಾತಿನ ಹುಡುಗಿಯ ಗಂಟಲಲ್ಲಿ,
ಇಡೀ ಓಣಿಗೆ ಸಾರಿತು:
ಅನ್ನ ರುಚಿಯಾಗಿ ಆಗಿದೆ, ಚೆನ್ನಾಗಿ ತಿರುವಿಬಿಡಿ.

ಅವಳು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು.
ಎದುರು ಕಿಟಕಿಯಲ್ಲಿ ದೀಪ ಹತ್ತಿತು, ಆರಿತು, ಹತ್ತಿತು.
ಆಗ ತಲೆಯೆತ್ತಿದಳು.
ಆಯಿತಂತೆ, ಅಂದಳು.

ಮ್ಯಾಂಗ್ ದಲ್ಸು ತನ್ನ ಬಟ್ಟಲು ಹಿಡಿದೇ ಬಂದ,
ಬೊಂಡಾಸು ದೋಣಿಯಲ್ಲಿ ಹಿಂದೆ ಅಡುಗೆಗಿದ್ದವನು.
ನನ್ನ ಕುಕ್ಕರು ಕೆಟ್ಟು ನಾಲ್ಕು ವರ್ಷವಾಯಿತು, ಎಂದ,
ರಿಪೇರಿ ಯಾಕೆ, ಇದು ಕೂಗುತ್ತದಲ್ಲ.

ನನ್ನ ನಮೂನೆಯಲ್ಲಿ ಬಳಕೆದಾರರಿಗೆ ಇರುವುದು ಒಂದೇ ಗೆರೆ.
ಕೊಂಡವಳಿಗೆ ಕೇಳಿಸದು,
ಕೇಳಿಸಿಕೊಂಡವನು ಕೊಂಡಿಲ್ಲ,
ಅಂಕಿ ಯಾರ ಕೈಯಲ್ಲಿ ಹಾಕಿಸಲಿ?
ದಲ್ಸು ಪೆನ್ನು ಇಸಕೊಂಡ,
ಏಳರ ಪಕ್ಕ ಎಂಟು ಎಂದು ಬರೆದ,
ಅದಕ್ಕೇ ಸುತ್ತು ಹಾಕಿದ.

ಎಂಟು ಅನ್ನುವ ಅಂಕಿಯೇ ಇಲ್ಲ, ತೆಗೆದುಬಿಡು,
ಎಂದ ನಮ್ಮ ಟೀಮಿನ ಯಜಮಾನ.
ಒಂದು ಮನೆ ಟ್ರೆಂಡಾಗುವುದಿಲ್ಲ.
ಅನ್ನ ಬೆಂದಿದೆಯೇ ನೋಡಲು
ಒಂದಗುಳು ಹಿಚುಕಿದರೆ ಸಾಕು ಅನ್ನುತ್ತಾರೆ.
ಸಾಕು. ಯಾವ ಅಗುಳೆಂದು ಆರಿಸುವವನು ಮಾತ್ರ
ಸೌಟು ಹಿಡಿದವನು.

ಮೌನದ ಮಾದರಿ ಮಾರ್ಚಿನಲ್ಲಿ ಬಂತು,
ಗಂಜಿಯ ಬಣ್ಣದಲ್ಲಿ. ಚೆನ್ನಾಗಿಯೇ ಮಾರಿತು.
ನಾನೂ ಒಂದು ಕೊಂಡೆ, ನೌಕರರ ರಿಯಾಯಿತಿಯಲ್ಲಿ.
ಅನ್ನ ಆದದ್ದು ಗೊತ್ತಾಗುವುದಿಲ್ಲ.
ಕೆಲವು ಸಂಜೆ ಎದುರು ಕಟ್ಟಡದ ಹದಿನಾಲ್ಕನೆಯ ಮಹಡಿಯಲ್ಲಿ
ಯಾರೋ ದೀಪ ಹಾಕುತ್ತಾರೆ, ತಮ್ಮ ಪಾಡಿಗೆ.
ಎದ್ದು ಹೋಗಿ
ಮುಚ್ಚಳ ತೆಗೆದು ನೋಡುತ್ತೇನೆ.